ಅಂಬಾಸಿಡರ್ ಮಾರ್ಕ್ ಟು: ಹಳೆಯ ತಾಮ್ರ-ಹಿತ್ತಾಳೆ ರೇಡಿಯೇಟರ್ ಉಳಿಸಿಕೊಳ್ಳಬೇಕೇ, ಅಲ್ಯೂಮಿನಿಯಂ ಹಾಕಿಸಬೇಕೇ?

ಮಾರ್ಕ್‌ಟು ಮಡಿಕೇರಿ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1967ರ ಅಂಬಾಸಿಡರ್ ಮಾರ್ಕ್ ಟು ಇದೆ. 1489 ಸಿಸಿಯ ಪೆಟ್ರೋಲ್ ಎಂಜಿನ್, ಡೈನಮೋ, ಬೆಲ್ಟಿನಿಂದ ತಿರುಗುವ ಫ್ಯಾನು, ಎಲ್ಲವೂ ಮೊದಲಿದ್ದಂತೆಯೇ ಇವೆ. ಮೈಸೂರಿನ ಕಡೆಗೆ ಹೋಗಿಬಂದರೆ ಯಾವ ತಕರಾರೂ ಇಲ್ಲ. ಸುಳ್ಯದಿಂದ ಹಿಂತಿರುಗುವಾಗ ಮಾತ್ರ, ಸಂಪಾಜೆ ದಾಟಿ ಘಾಟಿ ಹತ್ತತೊಡಗಿದ ಮೇಲೆ ಉಷ್ಣಮಾಪಕದ ಮುಳ್ಳು ಏರುತ್ತಾ ಹೋಗಿ, ಮದೆನಾಡಿನ ಹೊತ್ತಿಗೆ ಕೆಂಪು ಗೆರೆಯ ಬಳಿ ನಿಲ್ಲುತ್ತದೆ. ಮುಂದೆ ಲಾರಿಯೊಂದು ಸಿಕ್ಕಿ ನಿಧಾನವಾಗಿ ಹೋಗಬೇಕಾಗಿ ಬಂದರೆ ನೀರು ಕುದಿದು ಮುಚ್ಚಳದ ಬದಿಯಿಂದ ಹಬೆ ಬರುತ್ತದೆ.

ಇಲ್ಲಿನ ಮೆಕ್ಯಾನಿಕ್ ಒಬ್ಬರು ಹಳೆಯದನ್ನು ಗುಜರಿಗೆ ಹಾಕಿ, ಅಳತೆ ಕೊಟ್ಟು ಅಲ್ಯೂಮಿನಿಯಂ ರೇಡಿಯೇಟರ್ ಮಾಡಿಸಿ ಎನ್ನುತ್ತಾರೆ. ಇನ್ನೊಬ್ಬರು ಯಾವುದಾದರೂ ಹೊಸ ಸಣ್ಣ ಕಾರಿನ ರೇಡಿಯೇಟರನ್ನು ವಿದ್ಯುತ್ ಫ್ಯಾನ್ ಸಹಿತ ಕೂರಿಸಿಬಿಡೋಣ ಎನ್ನುತ್ತಾರೆ. ತಂದೆಯವರ ಕಾಲದ ಕಾರಾದ್ದರಿಂದ ಕತ್ತರಿಸಿ ಜೋಡಿಸುವ ಕೆಲಸಕ್ಕೆ ಮನಸ್ಸು ಒಪ್ಪುತ್ತಿಲ್ಲ. ಇಂಥ ಬದಲಾವಣೆ ಮಾಡಿಸಿ ಮಳೆಗಾಲ, ಬೇಸಿಗೆ ಎರಡನ್ನೂ ಕಳೆದವರು ಇದ್ದರೆ ದಯವಿಟ್ಟು ತಿಳಿಸಿ.

ತೋಟದ ಜೀಪು, ಸಿದ್ದಾಪುರ:
ಅಲ್ಯೂಮಿನಿಯಂ ಹಾಕಿಸಿ, ನಿಶ್ಚಿಂತೆಯಿಂದಿರಿ. ನನ್ನ ಮಹೀಂದ್ರ ಸಿಜೆ 3ಬಿ ಜೀಪಿಗೆ ಹಾಕಿಸಿದ ಮೇಲೆ ಮುಳ್ಳು ಅರ್ಧದಿಂದ ಮೇಲೆ ಹೋದದ್ದೇ ಇಲ್ಲ.

ಸೋಮವಾರಪೇಟೆ ಹಿರಿಯ:
ಎಷ್ಟು ಸುಲಭವಾಗಿ ಹೇಳಿಬಿಟ್ಟಿರಿ! ಇದೇ ಅಂಬಾಸಿಡರು, ಇದೇ ರೇಡಿಯೇಟರು, ಆರು ಜನರನ್ನು ಕೂರಿಸಿಕೊಂಡು ಮೇಲೆ ಕ್ಯಾರಿಯರಿನಲ್ಲಿ ಸಾಮಾನು ಹೇರಿಕೊಂಡು ಇದೇ ಘಾಟಿಯನ್ನು ದಶಕಗಳ ಕಾಲ ಹತ್ತಿದೆ. ಆಗ ಕುದಿಯದ ನೀರು ಈಗ ಕುದಿಯುತ್ತಿದ್ದರೆ, ಕಾರಿನ ವಿನ್ಯಾಸದಲ್ಲಿ ದೋಷವಿಲ್ಲ, ಅದರ ಈಗಿನ ಸ್ಥಿತಿಯಲ್ಲಿ ದೋಷವಿದೆ ಎಂದರ್ಥ. ದೋಷ ಯಾವುದೆಂದು ಹುಡುಕದೆ ಭಾಗವನ್ನೇ ಬದಲಿಸುವುದು ನನಗೆ ಒಪ್ಪಿಗೆಯಿಲ್ಲ.

ಬೆಸುಗೆ ಕೆಲಸದವ, ಗೋಣಿಕೊಪ್ಪ:
ಹಿರಿಯರು ಹೇಳಿದ್ದು ಸರಿ. ರೇಡಿಯೇಟರ್ ಕೆಲಸವನ್ನೇ ಮಾಡಿಕೊಂಡು ಬಂದವನಾದ್ದರಿಂದ, ಹೊಸದಕ್ಕೆ ಹಣ ಖರ್ಚು ಮಾಡುವ ಮೊದಲು ನೋಡಬೇಕಾದ್ದನ್ನು ಹೇಳುತ್ತೇನೆ.

ಕಾರು ಯಾವಾಗ ಬಿಸಿಯಾಗುತ್ತದೆ ಎಂಬುದೇ ಅರ್ಧ ಉತ್ತರ ಕೊಡುತ್ತದೆ. ನಿಂತಲ್ಲಿ ಅಥವಾ ನಿಧಾನವಾಗಿ ಹೋಗುವಾಗ ಮಾತ್ರ ಬಿಸಿಯಾದರೆ ಗಾಳಿಯ ಕೊರತೆ: ಫ್ಯಾನ್ ಬೆಲ್ಟ್ ಸಡಿಲವಾಗಿರುವುದು, ಬ್ಲೇಡು ಬಾಗಿರುವುದು, ಕೋರಿನ (ರೇಡಿಯೇಟರಿನ ಕೊಳವೆ, ರೆಕ್ಕೆಗಳಿರುವ ನಡುಭಾಗದ) ರೆಕ್ಕೆಗಳ ನಡುವೆ ಹುಳು, ಹುಲ್ಲಿನ ಬೀಜ, ಕೆಸರು ತುಂಬಿಕೊಂಡಿರುವುದು. ಸಮತಟ್ಟಾದ ರಸ್ತೆಯಲ್ಲಿ ವೇಗವಾಗಿ ಹೋಗುವಾಗ ಬಿಸಿಯಾದರೆ ನೀರಿನ ಹರಿವಿನ ಕೊರತೆ: ಕೊಳವೆಗಳಲ್ಲಿ ತುಕ್ಕು ಕಟ್ಟಿಕೊಂಡಿರುವುದು, ಪಂಪಿನ ಇಂಪೆಲ್ಲರ್ ಸವೆದಿರುವುದು, ಕೆಳಗಿನ ಹೋಸ್ ಪೈಪು ಹೀರಿಕೊಂಡು ಚಪ್ಪಟೆಯಾಗುವುದು. ಘಾಟಿಯಲ್ಲಿ ಎಂಜಿನ್ನಿನ ಮೇಲೆ ಪೂರ್ತಿ ಹೊರೆ ಬೀಳುತ್ತದೆ, ಎದುರುಗಾಳಿಯೂ ಇರುವುದಿಲ್ಲ. ಆದ್ದರಿಂದ ಎರಡರಲ್ಲಿ ಯಾವುದೇ ಸ್ವಲ್ಪ ಕುಂದಿದ್ದರೂ ಅಲ್ಲಿ ಎದ್ದು ಕಾಣುತ್ತದೆ. ಇದಲ್ಲದೆ ಇಗ್ನಿಷನ್ ಟೈಮಿಂಗ್ ಹಿಂದೆ ಬಿದ್ದಿದ್ದರೂ, ಬ್ರೇಕು ಹಿಡಿದುಕೊಂಡಿದ್ದರೂ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಂಶ ಕಡಿಮೆಯಾಗಿದ್ದರೂ ಎಂಜಿನ್ ಬಿಸಿಯಾಗುತ್ತದೆ. ಅವುಗಳಿಗೆ ಯಾವ ರೇಡಿಯೇಟರೂ ಔಷಧವಲ್ಲ.

ಮಾರ್ಕ್‌ಟು ಅವರೇ, ಒಮ್ಮೆ ಘಾಟಿ ಹತ್ತಿಸಿ ಎಂಜಿನ್ ನಿಲ್ಲಿಸಿದ ಕೂಡಲೇ ಮೇಲಿನ ಟ್ಯಾಂಕು, ಕೆಳಗಿನ ಟ್ಯಾಂಕು, ಕೋರಿನ ನಾಲ್ಕು ಮೂಲೆಗಳ ಬಿಸಿಯನ್ನು ಅಳೆದು ನೋಡಿ. ದೂರದಿಂದ ಅಳೆಯುವ ಇನ್‌ಫ್ರಾರೆಡ್ ಉಷ್ಣಮಾಪಕ ಈಗ ಎಲ್ಲೆಡೆ ಸಿಗುತ್ತದೆ. ಮೇಲಿಗೂ ಕೆಳಗಿಗೂ ಸುಮಾರು 5ರಿಂದ 10 ಡಿಗ್ರಿ ವ್ಯತ್ಯಾಸ ಇರುವುದು ಸಹಜ. ಅದಕ್ಕಿಂತ ಬಹಳ ಹೆಚ್ಚಿದ್ದು ಎಂಜಿನ್ನೂ ಕುದಿಯುತ್ತಿದ್ದರೆ ನೀರು ಸಾಕಷ್ಟು ಹರಿಯುತ್ತಿಲ್ಲ. ವ್ಯತ್ಯಾಸವೇ ಇಲ್ಲದೆ ಎರಡೂ ಸುಡುತ್ತಿದ್ದರೆ ಗಾಳಿ ಸಾಲುತ್ತಿಲ್ಲ. ಕೋರಿನ ಯಾವುದಾದರೂ ಭಾಗ ತಣ್ಣಗಿದ್ದರೆ ಆ ಭಾಗದ ಕೊಳವೆಗಳು ಮುಚ್ಚಿಹೋಗಿವೆ. ಬಿಸಿಯಿರುವಾಗ ಮುಚ್ಚಳ ಮಾತ್ರ ತೆಗೆಯಬೇಡಿ.

ವಿರಾಜಪೇಟೆ ಪದ್ಮಿನಿ:
ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ಇದೆಯೋ ಇಲ್ಲವೋ ಎಂದು ಯಾರೂ ಕೇಳಲಿಲ್ಲವಲ್ಲ. ನಮ್ಮ ಕಡೆಯ ಹಳೆಯ ಕಾರುಗಳಲ್ಲಿ ಯಾರೋ ಎಂದೋ ಅದನ್ನು ತೆಗೆದು ಎಸೆದಿರುತ್ತಾರೆ.

ಮಾರ್ಕ್‌ಟು ಮಡಿಕೇರಿ:
ಅಕ್ಕ, ನಿಮ್ಮ ಊಹೆ ನಿಜ. ಹೌಸಿಂಗ್ ತೆರೆದು ನೋಡಿದರೆ ಒಳಗೆ ಏನೂ ಇರಲಿಲ್ಲ. ಅದಿಲ್ಲದಿದ್ದರೆ ನೀರು ತಡೆಯಿಲ್ಲದೆ ಹರಿದು ಇನ್ನೂ ತಣ್ಣಗಿರಬೇಕಲ್ಲವೇ ಎಂಬುದು ನನ್ನ ಪ್ರಶ್ನೆ.

ಬೆಸುಗೆ ಕೆಲಸದವ, ಗೋಣಿಕೊಪ್ಪ:
ತೆಗೆದವರೆಲ್ಲರ ತರ್ಕವೂ ಅದೇ ಆಗಿತ್ತು. ಥರ್ಮೋಸ್ಟಾಟ್ ಪೂರ್ತಿ ತೆರೆದಾಗ ಅದರ ಮೂಲಕ ಹೋಗಬೇಕಾದಷ್ಟು ನೀರು ಹೋಗುತ್ತದೆ. ಆದ್ದರಿಂದ ಅದನ್ನು ತೆಗೆದುಹಾಕಿ ಘಾಟಿಯಲ್ಲಿ ಗಳಿಸುವುದು ಬಹಳವೇನಿಲ್ಲ. ಕಳೆದುಕೊಳ್ಳುವುದು ಮಾತ್ರ ಬಹಳ. ಮಡಿಕೇರಿಯ ಜುಲೈ ತಿಂಗಳ ಮಂಜಿನಲ್ಲಿ, ಡಿಸೆಂಬರಿನ ಬೆಳಗಿನಲ್ಲಿ ಎಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ. ತಣ್ಣಗಿನ ಎಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗದೆ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆಯುತ್ತದೆ, ಕ್ರ್ಯಾಂಕ್‌ಕೇಸಿನಲ್ಲಿ ತೇವ ಸೇರಿ ಎಣ್ಣೆ ಬೆಣ್ಣೆಯಂತಾಗುತ್ತದೆ, ಬೋರು ಬೇಗ ಸವೆಯುತ್ತದೆ. 82 ಡಿಗ್ರಿಯಲ್ಲಿ ತೆರೆಯುವಂಥದ್ದನ್ನು ತಂದು ಹಾಕಿಸಿ. ಹಾಕುವ ಮೊದಲು ಬಿಸಿನೀರಿನ ಪಾತ್ರೆಯಲ್ಲಿ ಮುಳುಗಿಸಿ ತೆರೆಯುತ್ತದೆಯೇ ಎಂದು ನೋಡಿಕೊಳ್ಳಿ.

ಲೋಹಪಾಠ, ಪೊನ್ನಂಪೇಟೆ:
ಚರ್ಚೆ ಲೋಹಗಳ ಕಡೆಗೆ ತಿರುಗುವ ಮೊದಲೇ ಒಂದು ತಪ್ಪು ಕಲ್ಪನೆಯನ್ನು ನಿವಾರಿಸುವುದು ಒಳ್ಳೆಯದು. ಅಲ್ಯೂಮಿನಿಯಂ ತಾಮ್ರಕ್ಕಿಂತ ಚೆನ್ನಾಗಿ ಶಾಖ ಸಾಗಿಸುತ್ತದೆ ಎಂದು ಮಾರಾಟಗಾರರು ಹೇಳುವುದುಂಟು, ಅದು ನಿಜವಲ್ಲ. ಶಾಖವಾಹಕತೆಯ ಮಾನದಲ್ಲಿ ತಾಮ್ರ ಸುಮಾರು 400, ಶುದ್ಧ ಅಲ್ಯೂಮಿನಿಯಂ ಸುಮಾರು 237. ಹಾಗಿದ್ದರೂ ಅಲ್ಯೂಮಿನಿಯಂ ರೇಡಿಯೇಟರ್ ಹಳೆಯದಕ್ಕೆ ಸರಿಸಾಟಿಯಾಗಿ, ಎಷ್ಟೋ ಸಲ ಅದಕ್ಕಿಂತ ಮೇಲಾಗಿ ಕೆಲಸ ಮಾಡುತ್ತದೆ. ಕಾರಣ ಅದರ ಕಟ್ಟಡದಲ್ಲಿದೆ.

ಹಳೆಯ ಕೋರಿನಲ್ಲಿ ರೆಕ್ಕೆಗಳು ಮಾತ್ರ ತಾಮ್ರ, ನೀರು ಹರಿಯುವ ಕೊಳವೆಗಳು ಹಿತ್ತಾಳೆ. ಹಿತ್ತಾಳೆಯ ವಾಹಕತೆ ತಾಮ್ರದ ಮೂರನೆಯ ಒಂದು ಭಾಗಕ್ಕೂ ಕಡಿಮೆ. ಅವೆರಡನ್ನೂ ಬೆಸೆದಿರುವ ಸೀಸ ಮತ್ತು ತವರದ ಬೆಸುಗೆಯ ವಾಹಕತೆ ಅದಕ್ಕಿಂತಲೂ ಕಡಿಮೆ. ವರ್ಷಗಳು ಕಳೆದಂತೆ ಬೆಸುಗೆ ಸಡಿಲಗೊಂಡು ಹಸಿರು ಕಿಲುಬು ಹಿಡಿದಾಗ, ನೋಡಲು ರೆಕ್ಕೆ ಇದ್ದರೂ ಕೊಳವೆಯ ಶಾಖ ಅದಕ್ಕೆ ತಲುಪುವುದಿಲ್ಲ. ಅಲ್ಯೂಮಿನಿಯಂ ಕೋರನ್ನು ಕುಲುಮೆಯಲ್ಲಿ ಒಟ್ಟಿಗೇ ಬ್ರೇಜಿಂಗ್ ಮಾಡುವುದರಿಂದ ಕೊಳವೆ, ರೆಕ್ಕೆ, ಕೂಡುಭಾಗ ಎಲ್ಲವೂ ಹೆಚ್ಚುಕಡಿಮೆ ಒಂದೇ ಲೋಹ. ಜೊತೆಗೆ ಈ ಲೋಹ ತಾಮ್ರದ ಮೂರನೆಯ ಒಂದು ಭಾಗಕ್ಕಿಂತ ಕಡಿಮೆ ತೂಗುವುದರಿಂದ, ತೂಕದ ಭಯವಿಲ್ಲದೆ ಕೊಳವೆಗಳನ್ನು ಅಗಲವಾಗಿ ಮಾಡಬಹುದು. ಹಳೆಯ ಕೋರಿನಲ್ಲಿ ಸಾಮಾನ್ಯವಾಗಿ ಅರ್ಧ ಇಂಚಿನ ಕೊಳವೆಗಳ ಮೂರು ನಾಲ್ಕು ಸಾಲು ಇದ್ದರೆ, ಇದರಲ್ಲಿ ಒಂದಿಂಚು ಅಗಲದ ಎರಡೇ ಸಾಲು ಸಾಕಾಗುತ್ತದೆ. ಸಾಲು ಕಡಿಮೆಯಿದ್ದರೆ ಗಾಳಿ ಸರಾಗವಾಗಿ ನುಗ್ಗುತ್ತದೆ.

ಒಟ್ಟಿನಲ್ಲಿ ಹೋಲಿಕೆ ಮಾಡುವುದಾದರೆ ಹೊಸ ಅಲ್ಯೂಮಿನಿಯಮ್ಮನ್ನು ಹೊಸ ತಾಮ್ರದ ಕೋರಿನೊಂದಿಗೆ ಹೋಲಿಸಬೇಕು. ಐವತ್ತು ವರ್ಷ ತುಕ್ಕುನೀರು ಕುಡಿದ ಕೋರಿನೊಂದಿಗೆ ಹೋಲಿಸಿ ಗೆದ್ದಿತೆಂದು ಸಾರುವುದು ನ್ಯಾಯವಲ್ಲ.

ಸೋಮವಾರಪೇಟೆ ಹಿರಿಯ:
ಕೊನೆಯ ಮಾತಿಗೆ ನನ್ನ ಪೂರ್ಣ ಬೆಂಬಲವಿದೆ. ಸಿದ್ದಾಪುರದವರ ಜೀಪೂ ಹಾಗೆಯೇ ಗೆದ್ದಿರಬೇಕು.

ತೋಟದ ಜೀಪು, ಸಿದ್ದಾಪುರ:
ಮಾವ, ನನ್ನ ಜೀಪನ್ನು ಎಳೆದು ತಂದಿದ್ದೀರಿ, ಆದ್ದರಿಂದ ವಿವರವಾಗಿಯೇ ಹೇಳುತ್ತೇನೆ. ಅದು 2.2 ಲೀಟರಿನ ಹರಿಕೇನ್ ಪೆಟ್ರೋಲ್ ಎಂಜಿನ್. ಕಾಫಿ ಕೊಯ್ಲಿನ ಕಾಲದಲ್ಲಿ ಕಣಕ್ಕೆ ಹಣ್ಣಿನ ಚೀಲ ಹೊತ್ತು, ಮೊದಲನೆಯ ಗೇರಿನಲ್ಲಿ, ನಡೆಯುವವರ ವೇಗದಲ್ಲಿ ಏರು ಹತ್ತಬೇಕು. ಹಳೆಯ ಕೋರನ್ನು ತೆಗೆಯುವ ಮೊದಲು ಅದಕ್ಕೆ ರಾಡ್ ಹೊಡೆಸಿ, ಅಂದರೆ ಕೊಳವೆಗಳೊಳಗೆ ಸಲಾಕೆ ತೂರಿಸಿ, ಶುದ್ಧಗೊಳಿಸಿಯೂ ಆಗಿತ್ತು. ಅಷ್ಟಾದರೂ ಮಧ್ಯಾಹ್ನದ ಹೊತ್ತಿಗೆ ಕುದಿಯುತ್ತಿತ್ತು. ಆದ್ದರಿಂದ ಹೋಲಿಕೆ ನೀವು ತಿಳಿದಷ್ಟು ಅನ್ಯಾಯದ್ದಲ್ಲ.

ಆದರೆ ಅಲ್ಯೂಮಿನಿಯಂ ಹಾಕಿಸುವವರು ಒಂದು ವಿಷಯ ತಿಳಿದಿರಬೇಕು. ಜೀಪಿನ ಚಾಸಿ ಕೆಟ್ಟ ದಾರಿಯಲ್ಲಿ ತಿರುಚಿಕೊಳ್ಳುತ್ತದೆ. ಹಿತ್ತಾಳೆಯ ಚೌಕಟ್ಟು ಅದನ್ನು ಒಂದಿಷ್ಟು ಸಹಿಸಿಕೊಳ್ಳುತ್ತದೆ, ಅಲ್ಯೂಮಿನಿಯಂ ಸಹಿಸುವುದಿಲ್ಲ. ರೇಡಿಯೇಟರನ್ನು ನಟ್ಟು ಬೋಲ್ಟಿನಿಂದ ನೇರವಾಗಿ ಬಿಗಿದದ್ದರಿಂದ ನನ್ನದರ ಬೋಲ್ಟು ಕೂರುವ ಕಿವಿಯ ಬಳಿ ಬಿರುಕು ಬಂತು. ಬೆಸುಗೆ ಹಾಕಿಸಲು ಆರ್ಗಾನ್ ವೆಲ್ಡಿಂಗ್ ತಿಳಿದವರನ್ನು ಹುಡುಕಿಕೊಂಡು ಮೈಸೂರಿಗೇ ಹೋಗಬೇಕಾಯಿತು. ಈಗ ಕೆಳಗೂ ಬದಿಗೂ ದಪ್ಪ ರಬ್ಬರ್ ಬುಷ್ ಕೊಟ್ಟು ಕೂರಿಸಿದ್ದೇನೆ, ಆಮೇಲೆ ತೊಂದರೆಯಾಗಿಲ್ಲ. ಅಂಬಾಸಿಡರಿಗೆ ಇಷ್ಟು ತಿರುಚು ಇಲ್ಲ, ಆದರೂ ರಬ್ಬರ್ ಇಲ್ಲದೆ ಕೂರಿಸಲು ಬಿಡಬೇಡಿ.

ಮಾಂದಲಪಟ್ಟಿ ಚಾಲಕ:
ಜೀಪಿನವರ ಮಾತು ನೂರಕ್ಕೆ ನೂರು ಸತ್ಯ. ಮಾಂದಲಪಟ್ಟಿಯ ದಾರಿಯಲ್ಲಿ ದಿನವೂ ಹತ್ತಿಳಿಯುವ ನಮಗೆ ರೇಡಿಯೇಟರಿಗಿಂತ ಅದನ್ನು ಹಿಡಿದಿರುವ ರಬ್ಬರಿನದೇ ಹೆಚ್ಚು ಚಿಂತೆ.

ವಿರಾಜಪೇಟೆ ಪದ್ಮಿನಿ:
ಹೊಸ ಕಾರಿನ ರೇಡಿಯೇಟರ್ ಕೂರಿಸುವ ಎರಡನೆಯ ದಾರಿಯ ಬಗ್ಗೆ ನನ್ನ ಅನುಭವ ಹೇಳುತ್ತೇನೆ. ನನ್ನದು ಪ್ರೀಮಿಯರ್ ಪದ್ಮಿನಿ, 1089 ಸಿಸಿ. ಮಾಕುಟ್ಟ ಘಾಟಿಯಲ್ಲಿ ಇಳಿದು ಕೇರಳದ ನೆಂಟರ ಮನೆಗೆ ಹೋಗಿ ಹಿಂದೆ ಬರುವುದು ನಮಗೆ ಆಗಾಗ ಇರುವ ಕೆಲಸ. ಅಲ್ಯೂಮಿನಿಯಂ ಕೋರು, ಪ್ಲಾಸ್ಟಿಕ್ ಟ್ಯಾಂಕು, ಹಿಂದೆ ವಿದ್ಯುತ್ ಫ್ಯಾನು ಇರುವ ಸಣ್ಣ ಕಾರಿನ ರೇಡಿಯೇಟರನ್ನು ಹಾಕಿಸಿದೆ. ಕುದಿಯುವುದು ನಿಂತಿತು ಎನ್ನುವುದು ನಿಜ. ಆದರೆ ಅಂಗಡಿಯವರು ಹೇಳುವಂತೆ ಅರ್ಧ ದಿನದ ಕೆಲಸವಲ್ಲ.

ಮೊದಲನೆಯದಾಗಿ, ಹಳೆಯ ರೇಡಿಯೇಟರಿನಲ್ಲಿ ನೀರು ಮೇಲಿನಿಂದ ಕೆಳಗೆ ಹರಿಯುತ್ತದೆ, ಮೇಲಿನ ಟ್ಯಾಂಕೇ ಇಡೀ ವ್ಯವಸ್ಥೆಯ ಅತಿ ಎತ್ತರದ ಜಾಗ, ಗಾಳಿಗುಳ್ಳೆಗಳು ತಾವಾಗಿಯೇ ಅಲ್ಲಿಗೆ ಬಂದು ಸೇರುತ್ತವೆ. ಹೊಸ ಕಾರುಗಳದು ಬಹುಪಾಲು ಅಡ್ಡಹರಿವಿನ, ಕುಳ್ಳಗಿನ ರೇಡಿಯೇಟರು. ಅದನ್ನು ಹಳೆಯ ಎಂಜಿನ್ನಿನ ಮುಂದೆ ಇಟ್ಟರೆ ಥರ್ಮೋಸ್ಟಾಟ್ ಹೌಸಿಂಗ್ ಅದಕ್ಕಿಂತ ಮೇಲಕ್ಕಿರುತ್ತದೆ, ಗಾಳಿ ಎಂಜಿನ್ನಿನ ತಲೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಎಲ್ಲಕ್ಕಿಂತ ಎತ್ತರದಲ್ಲಿ ಬೇರೊಂದು ಎಕ್ಸ್‌ಪ್ಯಾನ್ಶನ್ ಟ್ಯಾಂಕ್ ಕೂರಿಸಿ, ಮುಚ್ಚಳವನ್ನು ಅದಕ್ಕೆ ವರ್ಗಾಯಿಸಿದ ಮೇಲೆಯೇ ನನ್ನದು ಸರಿಹೋದದ್ದು. ಎರಡನೆಯದಾಗಿ, ಹೋಸ್ ಪೈಪುಗಳ ಬಾಯಿ ಒಂದಕ್ಕೊಂದು ಹೊಂದುವುದಿಲ್ಲ. ನಡುವೆ ಅಡಾಪ್ಟರ್ ಹಾಕಬೇಕು, ಪ್ರತಿ ಅಡಾಪ್ಟರಿಗೂ ಎರಡು ಕ್ಲಿಪ್ಪು, ಪ್ರತಿ ಕ್ಲಿಪ್ಪೂ ಒಂದು ಸೋರುವ ಜಾಗ. ಮೂರನೆಯದಾಗಿ, ಆ ಪ್ಲಾಸ್ಟಿಕ್ ಟ್ಯಾಂಕನ್ನು ಕೋರಿಗೆ ಬೆಸೆದಿರುವುದಿಲ್ಲ, ನಡುವೆ ರಬ್ಬರ್ ಇಟ್ಟು ಲೋಹದ ಅಂಚನ್ನು ಮಡಚಿರುತ್ತಾರೆ. ವಯಸ್ಸಾದಂತೆ ಪ್ಲಾಸ್ಟಿಕ್ ಪೆಡಸಾಗಿ ಒಡೆಯುತ್ತದೆ. ಒಡೆದರೆ ರಿಪೇರಿಯ ಮಾತಿಲ್ಲ, ಹೊಸದೇ ಬೇಕು. ಅದು ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ ಎನ್ನುವುದೊಂದೇ ಸಮಾಧಾನ.

ಸೋಮವಾರಪೇಟೆ ಹಿರಿಯ:
ಇಷ್ಟೆಲ್ಲ ಮಾಡಿದ ಮೇಲೂ ಅದನ್ನು ಪದ್ಮಿನಿ ಎಂದೇ ಕರೆಯುತ್ತೀರಲ್ಲ, ಸಂತೋಷ.

ವಿರಾಜಪೇಟೆ ಪದ್ಮಿನಿ:
ಕಟ್ಟೆಯಲ್ಲಿ ಕುದಿಯುತ್ತಾ ನಿಂತ ಅಪ್ಪಟ ಪದ್ಮಿನಿಗಿಂತ ಓಡುವ ಪದ್ಮಿನಿಯೇ ನನಗೆ ಇಷ್ಟ, ಮಾವ. ನಾನು ಕಾರನ್ನು ಪ್ರದರ್ಶನಕ್ಕೆ ಇಟ್ಟವಳಲ್ಲ, ಅದರಲ್ಲಿ ಮಕ್ಕಳನ್ನು ಶಾಲೆಗೆ ಬಿಡುತ್ತೇನೆ.

ಹಳೆಗಾಡಿ ಕುಶಾಲನಗರ:
ಪ್ರದರ್ಶನದ ಮಾತು ಬಂದದ್ದರಿಂದ ಕೇಳುತ್ತೇನೆ. ಮಾರ್ಕ್‌ಟು ಅವರ ಕಾರಿಗೆ ಐವತ್ತು ವರ್ಷ ದಾಟಿದೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ ಮೊದಲ ನೋಂದಣಿಯಿಂದ ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿರುವ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು, ಅದಕ್ಕೆ ವಿಎ ಎಂಬ ಅಕ್ಷರಗಳುಳ್ಳ ಪ್ರತ್ಯೇಕ ಸಂಖ್ಯೆ ಕೊಡುತ್ತಾರೆ. ರೇಡಿಯೇಟರ್ ಬದಲಿಸಿದರೆ ಆ ಅರ್ಹತೆ ಹೋಗುವುದಿಲ್ಲವೇ?

ಲೋಹಪಾಠ, ಪೊನ್ನಂಪೇಟೆ:
ನಿಯಮದಲ್ಲಿ ಹೆಸರಿಸಿರುವುದು ಚಾಸಿ, ಬಾಡಿ ಶೆಲ್ ಮತ್ತು ಎಂಜಿನ್ನಿನ ಗಣನೀಯ ಮಾರ್ಪಾಡನ್ನು. ರೇಡಿಯೇಟರಿನ ಹೆಸರು ಅಲ್ಲಿಲ್ಲ. ಆದರೆ ಹೊಸ ರೇಡಿಯೇಟರಿಗೆ ಜಾಗ ಮಾಡಲು ಮುಂದಿನ ತಗಡನ್ನು ಕತ್ತರಿಸಿದರೆ ಅದು ಬಾಡಿಯ ಮಾರ್ಪಾಡಾಗುತ್ತದೆ. ಅಲ್ಲದೆ ವಿಂಟೇಜ್ ನೋಂದಣಿಯ ವಾಹನವನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ ಎಂಬುದನ್ನೂ ನೆನಪಿಡಬೇಕು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕವಿದೆ. ಸುಳ್ಯಕ್ಕೆ ಸಂಸಾರ ಸಮೇತ ಹೋಗಿಬರುವವರಿಗೆ ಅದರಿಂದ ಏನು ಪ್ರಯೋಜನವೋ ನಾನರಿಯೆ.

ಸೋಮವಾರಪೇಟೆ ಹಿರಿಯ:
ಕತ್ತರಿಸುವುದೇ ಎಲ್ಲಕ್ಕಿಂತ ದೊಡ್ಡ ಪಾಪ. ಇದ್ದ ರಂಧ್ರಗಳಲ್ಲೇ ಬೋಲ್ಟು ಕೂರುವಂತೆ, ಹಿಂದೆ ತೆಗೆದರೆ ಹಳೆಯದು ಮತ್ತೆ ಕೂರುವಂತೆ ಏನು ಮಾಡಿಕೊಂಡರೂ ನನ್ನ ಆಕ್ಷೇಪವಿಲ್ಲ. ಹಳೆಯದನ್ನು ಗುಜರಿಗೆ ಹಾಕಿ ಎಂದವರ ಮಾತನ್ನಂತೂ ಕೇಳಲೇಬೇಡಿ. ತಾಮ್ರದ ಬೆಲೆ ಏರಿರುವ ಈ ಕಾಲದಲ್ಲಿ ಆ ಸಲಹೆ ಯಾರ ಹಿತಕ್ಕೆ ಎಂದು ನೀವೇ ಯೋಚಿಸಿ.

ಘಾಟಿ ಸವಾರ, ಚೆಂಬು:
ನನ್ನ ಪರಿಹಾರ ಅಗ್ಗ. ಮುಚ್ಚಳ ಬದಲಿಸಿ ಹೆಚ್ಚು ಒತ್ತಡದ್ದು ಹಾಕಿ, ಹೊಸ ಕಾರುಗಳಲ್ಲಿ ಇರುವ, ಚದರ ಇಂಚಿಗೆ 15 ಪೌಂಡಿನದು. ನೀರು ಕುದಿಯುವುದೇ ಇಲ್ಲ.

ಬೆಸುಗೆ ಕೆಲಸದವ, ಗೋಣಿಕೊಪ್ಪ:
ದಯವಿಟ್ಟು ಹಾಗೆ ಮಾಡಬೇಡಿ. ಆ ಕಾಲದ ವ್ಯವಸ್ಥೆಗಳು 4ರಿಂದ 7 ಪೌಂಡಿನ ಒತ್ತಡಕ್ಕೆ ರೂಪುಗೊಂಡವು. 15 ಪೌಂಡಿನ ಮುಚ್ಚಳ ಹಾಕಿದರೆ ಮೊದಲು ಟ್ಯಾಂಕಿನ ಬೆಸುಗೆ ಬಾಯಿ ಬಿಡುತ್ತದೆ, ಇಲ್ಲವಾದರೆ ಪಂಪಿನ ಸೀಲು, ಇಲ್ಲವಾದರೆ ಹೋಸು. ಹೊಸ ಅಲ್ಯೂಮಿನಿಯಂ ರೇಡಿಯೇಟರ್ ಆ ಒತ್ತಡ ತಾಳಬಹುದು, ಆದರೆ ಅದಕ್ಕೆ ಅಂಟಿಕೊಂಡಿರುವ ಉಳಿದೆಲ್ಲವೂ 1967ರದ್ದೇ.

ಲೋಹಪಾಠ, ಪೊನ್ನಂಪೇಟೆ:
ಒತ್ತಡದ ಲೆಕ್ಕ ಕೊಡುತ್ತೇನೆ, ಏಕೆಂದರೆ ನಮ್ಮ ಎತ್ತರಕ್ಕೆ ಅದು ಮುಖ್ಯ. ಮಡಿಕೇರಿ ಸಮುದ್ರಮಟ್ಟದಿಂದ 1150 ಮೀಟರಿಗೂ ಮೇಲಿದೆ. ಅಲ್ಲಿ ತೆರೆದ ಪಾತ್ರೆಯ ನೀರು ಸುಮಾರು 96 ಡಿಗ್ರಿಯಲ್ಲೇ ಕುದಿಯುತ್ತದೆ. 7 ಪೌಂಡಿನ ಮುಚ್ಚಳ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಅದೇ ನೀರು 108 ಡಿಗ್ರಿಯ ಆಸುಪಾಸಿನವರೆಗೆ ಕುದಿಯದೆ ತಾಳುತ್ತದೆ. ಮುಚ್ಚಳದ ಸ್ಪ್ರಿಂಗು ಸೋತು, ರಬ್ಬರು ಬಿರುಕುಬಿಟ್ಟಿದ್ದರೆ ಆ ಹನ್ನೆರಡು ಡಿಗ್ರಿಯ ರಕ್ಷಣೆ ಇಲ್ಲವಾಗುತ್ತದೆ. ಘಾಟಿಯ ಬುಡದಲ್ಲಿ ಸುಮ್ಮನಿದ್ದ ನೀರು ಮೇಲೆ ಬಂದಂತೆ ಕುದಿಯುವುದಕ್ಕೆ ಎಂಜಿನ್ನಿನ ಹೊರೆಯೊಂದೇ ಕಾರಣವಲ್ಲ, ಕುದಿಯುವ ಬಿಂದುವೂ ಕೆಳಗಿಳಿಯುತ್ತಾ ಇರುತ್ತದೆ. ಮುಚ್ಚಳದ ಬದಿಯಿಂದ ಹಬೆ ಬರುತ್ತದೆ ಎಂದು ಮಾರ್ಕ್‌ಟು ಬರೆದಿದ್ದಾರೆ. ಮೊದಲು ಅದೇ ಒತ್ತಡದ ಹೊಸ ಮುಚ್ಚಳವೊಂದನ್ನು ಹಾಕಿ ನೋಡಲಿ.

ಘಾಟಿ ಸವಾರ, ಚೆಂಬು:
ಸರಿ, ಒತ್ತಡದ ಮಾತು ಹಿಂತೆಗೆದುಕೊಳ್ಳುತ್ತೇನೆ. ಆದರೆ ಓಡಿಸುವ ರೀತಿಯ ಬಗ್ಗೆ ನನ್ನ ಮಾತು ಕೇಳಿ: ಮೂರನೆಯ ಗೇರಿನಲ್ಲಿ ಉಸಿರುಗಟ್ಟಿಸಿ ಎಳೆಸುವುದರ ಬದಲು ಎರಡನೆಯದಕ್ಕೆ ಇಳಿಸಿದರೆ ಫ್ಯಾನೂ ಪಂಪೂ ಜೋರಾಗಿ ತಿರುಗುತ್ತವೆ. ಮೇಲೆ ತಲುಪಿದ ಕೂಡಲೇ ಎಂಜಿನ್ ಆರಿಸದೆ ಸ್ವಲ್ಪ ಹೊತ್ತು ಹಾಗೆಯೇ ಓಡಲು ಬಿಡಬೇಕು.

ಹಳೆಗಾಡಿ ಕುಶಾಲನಗರ:
ವಿದ್ಯುತ್ ಫ್ಯಾನನ್ನು ಮಾತ್ರ ಹಳೆಯ ರೇಡಿಯೇಟರಿನ ಮುಂದೆ ಹಾಕಿಸಿದರೆ ಸಾಲದೇ? ಎಲ್ಲರೂ ರೇಡಿಯೇಟರಿನ ಹಿಂದೆಯೇ ಬಿದ್ದಿದ್ದೀರಿ.

ವಿರಾಜಪೇಟೆ ಪದ್ಮಿನಿ:
ಡೈನಮೋ ಇರುವ ಕಾರಿಗೆ ಅದು ಭಾರವಾಗುತ್ತದೆ. ಆ ಡೈನಮೋಗಳು ಪೂರ್ಣ ವೇಗದಲ್ಲಿ ಕೊಡುವುದೇ ಸುಮಾರು 20 ಆಂಪಿಯರ್, ನಿಧಾನ ಓಟದಲ್ಲಿ ಬಹುತೇಕ ಏನೂ ಇಲ್ಲ. ಫ್ಯಾನೊಂದೇ 10 ಆಂಪಿಯರಿಗೆ ಮೇಲೆ ಎಳೆಯುತ್ತದೆ. ಸಂಜೆ ಮಂಜಿನಲ್ಲಿ ದೀಪ, ವೈಪರ್ ಎರಡೂ ಹಾಕಿದರೆ ಬ್ಯಾಟರಿ ಬರಿದಾಗುತ್ತದೆ. ನನ್ನದರಲ್ಲಿ ಆಲ್ಟರ್ನೇಟರ್ ಇರುವುದರಿಂದ ನಡೆಯಿತು. ಇನ್ನೂ ಒಂದು ಸಂಗತಿ: ಬ್ರಿಟಿಷ್ ಮೂಲದ ಹಳೆಯ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನು ಕಾರಿನ ಲೋಹದ ಮೈಗೆ ಜೋಡಿಸಿರುತ್ತಿದ್ದರು. ಅದನ್ನು ನೋಡದೆ ವೈರು ಜೋಡಿಸಿದರೆ ಫ್ಯಾನು ಉಲ್ಟಾ ತಿರುಗಿ, ಒಳಗೆ ಬರುವ ಗಾಳಿಯನ್ನೇ ಹೊರಕ್ಕೆ ತಳ್ಳುತ್ತದೆ.

ಮಾಂದಲಪಟ್ಟಿ ಚಾಲಕ:
ಆದರೂ ಮಳೆಗಾಲದಲ್ಲಿ ವಿದ್ಯುತ್ ಫ್ಯಾನಿನಿಂದ ಒಂದು ಅನುಕೂಲವಿದೆ. ಕಾವೇರಿ ಉಕ್ಕಿ ಭಾಗಮಂಡಲ, ನಾಪೋಕ್ಲು ಕಡೆಯ ರಸ್ತೆಯ ಮೇಲೆ ನೀರು ನಿಂತಾಗ ಬೆಲ್ಟಿನ ಫ್ಯಾನು ನೀರನ್ನು ಎರಚಿ ಡಿಸ್ಟ್ರಿಬ್ಯೂಟರ್ ಒದ್ದೆ ಮಾಡುತ್ತದೆ. ನೀರು ಆಳವಾಗಿದ್ದರೆ ಬ್ಲೇಡು ಮುಂದಕ್ಕೆ ಬಾಗಿ ಕೋರಿಗೇ ತಾಗುತ್ತದೆ. ನಾವು ಅಂಥಲ್ಲಿ ಬೆಲ್ಟನ್ನೇ ಕಳಚಿ ದಾಟುತ್ತಿದ್ದೆವು.

ಸೋಮವಾರಪೇಟೆ ಹಿರಿಯ:
ಅಂಥ ನೀರಿನಲ್ಲಿ ಕಾರು ಇಳಿಸದಿರುವುದೇ ಲೇಸು.

ತೋಟದ ಜೀಪು, ಸಿದ್ದಾಪುರ:
ಅಲ್ಯೂಮಿನಿಯಂ ಹಾಕಿಸಿಕೊಂಡವರಿಗೆ ಕೂಲೆಂಟಿನ ವಿಷಯ ಹೇಳುವುದು ಬಿಟ್ಟುಹೋಯಿತು. ತೋಡಿನ ನೀರು ತುಂಬಿಕೊಂಡು ಓಡಿಸುವ ನಮ್ಮ ಹಳೆಯ ಅಭ್ಯಾಸ ಇಲ್ಲಿ ಸಲ್ಲದು.

ಲೋಹಪಾಠ, ಪೊನ್ನಂಪೇಟೆ:
ಒಳ್ಳೆಯ ಮಾತು, ಅದನ್ನೇ ಮುಂದುವರಿಸುತ್ತೇನೆ. ಎಂಜಿನ್ ಎರಕದ ಕಬ್ಬಿಣ, ರೇಡಿಯೇಟರ್ ಅಲ್ಯೂಮಿನಿಯಂ, ನಡುವೆ ಹಿತ್ತಾಳೆಯ ಥರ್ಮೋಸ್ಟಾಟ್. ಬೇರೆ ಬೇರೆ ಲೋಹಗಳ ನಡುವೆ ಸಾದಾ ನೀರು ಹರಿದರೆ ಸವೆಯುವುದು ಅಲ್ಯೂಮಿನಿಯಂ. ತುಕ್ಕುನಿರೋಧಕ ಸೇರಿಸಿದ ಎಥಿಲೀನ್ ಗ್ಲೈಕಾಲ್ ಕೂಲೆಂಟನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಬೆರೆಸಿ ಹಾಕಲೇಬೇಕು. ಕೊಡಗಿನಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲದ್ದರಿಂದ ಅರ್ಧಕ್ಕರ್ಧ ಬೆರೆಸುವ ಅಗತ್ಯವಿಲ್ಲ; ಗ್ಲೈಕಾಲ್ ಹೆಚ್ಚಿದಂತೆ ದ್ರವ ಶಾಖ ಹೊರುವ ಶಕ್ತಿ ಕಡಿಮೆಯಾಗುತ್ತದೆ. ಮೂರನೆಯ ಒಂದು ಭಾಗ ಸಾಕು. ಅದಕ್ಕಿಂತ ಬಹಳ ಕಡಿಮೆ ಮಾಡಿದರೆ ನಿರೋಧಕದ ಅಂಶವೇ ಸಾಲದಾಗುತ್ತದೆ.

ಹಳೆಯ ಕೋರನ್ನು ಉಳಿಸಿಕೊಳ್ಳುವವರು ಸೀಸದ ಬೆಸುಗೆಗೆ ಹೊಂದುವ, ಹಳೆಯ ಕಾರುಗಳಿಗೆಂದೇ ಇರುವ ಸಾಂಪ್ರದಾಯಿಕ ಬಗೆಯದನ್ನು ಹಾಕಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಹೊಸ ಕಾರುಗಳ ದೀರ್ಘಾಯು ಕೂಲೆಂಟ್ ಬೆಸುಗೆಗೆ ಒಗ್ಗುವುದಿಲ್ಲವೆಂಬ ದೂರು ಇದೆ. ಬಣ್ಣ ನೋಡಿ ಕೊಳ್ಳಬೇಡಿ, ಡಬ್ಬದ ಮೇಲೆ ಬರೆದದ್ದನ್ನು ಓದಿ ಕೊಳ್ಳಿ. ಹಳೆಯದನ್ನು ಅಂಗಳದಲ್ಲಿ ಚೆಲ್ಲಬೇಡಿ. ಅದು ಸಿಹಿಯಾಗಿರುವುದರಿಂದ ನಾಯಿಗಳು ನೆಕ್ಕುತ್ತವೆ, ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ.

ಬೆಸುಗೆ ಕೆಲಸದವ, ಗೋಣಿಕೊಪ್ಪ:
ಇದಕ್ಕೆ ಅರ್ಥಿಂಗ್ ಸೇರಿಸಿಕೊಳ್ಳಿ. ಎಂಜಿನ್ನಿನಿಂದ ಕಾರಿನ ಮೈಗೆ ಹೋಗುವ ಅರ್ಥ್ ಪಟ್ಟಿ ತುಕ್ಕು ಹಿಡಿದಿದ್ದರೆ ವಿದ್ಯುತ್ತು ಕೂಲೆಂಟಿನ ಮೂಲಕ ದಾರಿ ಹುಡುಕುತ್ತದೆ, ಹೊಸ ಅಲ್ಯೂಮಿನಿಯಂ ಕೋರಿನಲ್ಲಿ ಸೂಜಿಮೊನೆಯಂಥ ತೂತುಗಳು ಬೀಳುತ್ತವೆ. ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಅರ್ಥ್ ಟರ್ಮಿನಲ್ಲಿಗೆ, ಇನ್ನೊಂದನ್ನು ರೇಡಿಯೇಟರಿನ ಬಾಯಿಯಲ್ಲಿ ಲೋಹಕ್ಕೆ ತಾಗದಂತೆ ಕೂಲೆಂಟಿಗೆ ಅದ್ದಿ, ದೀಪ ಹಾಕಿ ನೋಡಿ. 0.1 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ಸರಿಪಡಿಸದೆ ಅಲ್ಯೂಮಿನಿಯಂ ಹಾಕಿಸಬೇಡಿ.

ಮಾರ್ಕ್‌ಟು ಮಡಿಕೇರಿ:
ಎಲ್ಲರಿಗೂ ಕೃತಜ್ಞತೆಗಳು. ಹೊಸ ಮುಚ್ಚಳ, ಥರ್ಮೋಸ್ಟಾಟ್ ಹಾಕಿಸಿ, ಟೈಮಿಂಗ್ ಸರಿಪಡಿಸಿ ಘಾಟಿ ಹತ್ತಿಸಿದೆ. ಹಬೆ ನಿಂತಿದೆ, ಆದರೆ ಮುಳ್ಳು ಈಗಲೂ ಕೆಂಪಿನ ಸಮೀಪಕ್ಕೆ ಹೋಗುತ್ತದೆ. ಗೋಣಿಕೊಪ್ಪದವರು ಹೇಳಿದಂತೆ ಅಳೆದಾಗ ಮೇಲಿನ ಟ್ಯಾಂಕಿಗೂ ಕೆಳಗಿನದಕ್ಕೂ 20 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂತು, ಚಾಲಕನ ಬದಿಯ ಕೆಳಮೂಲೆ ಮುಟ್ಟಿದರೆ ಬರೀ ಬೆಚ್ಚಗಿತ್ತು.

ಬೆಸುಗೆ ಕೆಲಸದವ, ಗೋಣಿಕೊಪ್ಪ:
ಹಾಗಾದರೆ ಕೋರು ಕಟ್ಟಿಕೊಂಡಿರುವುದು ಖಚಿತ. ಟ್ಯಾಂಕು ಬಿಚ್ಚಿ ರಾಡ್ ಹೊಡೆಸಿದರೆ ಕೊಳವೆ ತೆರೆದುಕೊಳ್ಳುತ್ತದೆ. ಕೊಳವೆಗಳು ತೆಳ್ಳಗಾಗಿದ್ದರೆ ರಾಡ್ ಹೊಡೆಯುವಾಗಲೇ ಸೋರತೊಡಗುತ್ತವೆ. ಆಗ ಹಳೆಯ ಟ್ಯಾಂಕು, ಬದಿಪಟ್ಟಿ ಉಳಿಸಿಕೊಂಡು ಹೊಸ ತಾಮ್ರದ ಕೋರು ಕಟ್ಟಿಸಬಹುದು. ಹೊರಗಿನಿಂದ ನೋಡಿದರೆ ಹಿರಿಯರಿಗೂ ವ್ಯತ್ಯಾಸ ತಿಳಿಯದು. ಖರ್ಚು ಮಾತ್ರ ಈಗ ಅಲ್ಯೂಮಿನಿಯಮ್ಮಿಗಿಂತ ಹೆಚ್ಚೇ ಆಗುತ್ತದೆ, ಇದನ್ನು ಮುಚ್ಚಿಡುವುದಿಲ್ಲ.

ಸೋಮವಾರಪೇಟೆ ಹಿರಿಯ:
ನನಗೆ ತಿಳಿಯುತ್ತದೆ. ಆದರೂ ಒಪ್ಪಿಗೆ.

ತೋಟದ ಜೀಪು, ಸಿದ್ದಾಪುರ:
ಹೆಚ್ಚು ಖರ್ಚು ಮಾಡಿ ಹಳೆಯದನ್ನೇ ಮಾಡಿಸುವುದಕ್ಕೆ ನನ್ನ ಮನಸ್ಸು ಒಪ್ಪದು. ಆದರೆ ದಾರಿಯಲ್ಲಿ ತೂತು ಬಿದ್ದರೆ ಯಾವ ಊರಿನಲ್ಲಿಯೂ ಬೆಸುಗೆ ಹಾಕಿಸಿಕೊಂಡು ಮುಂದೆ ಹೋಗಬಹುದು ಎಂಬ ಅನುಕೂಲ ತಾಮ್ರಕ್ಕೆ ಇರುವುದು ನಿಜ. ಮೈಸೂರಿನವರೆಗೆ ಜೀಪು ಎಳೆಸಿಕೊಂಡು ಹೋದವನು ಹೇಳುತ್ತಿದ್ದೇನೆ.

ಮಾರ್ಕ್‌ಟು ಮಡಿಕೇರಿ:
ಮೊದಲು ಬಿಚ್ಚಿಸಿ ರಾಡ್ ಹೊಡೆಸುತ್ತೇನೆ. ಕೊಳವೆ ತಡೆಯದಿದ್ದರೆ ಹೊಸ ತಾಮ್ರದ ಕೋರು ಕಟ್ಟಿಸುವುದೆಂದು ಮನೆಯಲ್ಲಿ ಮಾತಾಗಿದೆ. ರೇಡಿಯೇಟರ್ ಕೆಳಗಿಳಿಸಿದಾಗ ಎಂಜಿನ್ ಬ್ಲಾಕನ್ನೂ ತೊಳೆಸಬೇಕೇ?

ಬೆಸುಗೆ ಕೆಲಸದವ, ಗೋಣಿಕೊಪ್ಪ:
ತೊಳೆಸಲೇಬೇಕು. ಕೋರನ್ನು ಮುಚ್ಚಿಸಿದ ತುಕ್ಕು ಹುಟ್ಟಿದ್ದೇ ಬ್ಲಾಕಿನಲ್ಲಿ. ಅದನ್ನು ಹಾಗೇ ಬಿಟ್ಟರೆ ಹೊಸ ಕೋರು, ಅದು ತಾಮ್ರವಾಗಲಿ ಅಲ್ಯೂಮಿನಿಯಂ ಆಗಲಿ, ಒಂದೆರಡು ಮಳೆಗಾಲದಲ್ಲಿ ಮತ್ತೆ ಮುಚ್ಚಿಕೊಳ್ಳುತ್ತದೆ. ಬ್ಲಾಕಿನ ಹಿಂಭಾಗದ ಡ್ರೈನ್ ಟ್ಯಾಪ್ ತೆಗೆಸಿ. ತೆರೆದ ಕೂಡಲೇ ನೀರು ಬಾರದಿದ್ದರೆ ಖಾಲಿಯಾಗಿದೆ ಎಂದು ತಿಳಿಯಬೇಡಿ, ಒಳಗೆ ಕೆಸರು ಗಟ್ಟಿಯಾಗಿ ಕೂತಿದೆ ಎಂದರ್ಥ. ತಂತಿ ಹಾಕಿ ಕೆದಕಬೇಕು. ಆಮೇಲೆ ಥರ್ಮೋಸ್ಟಾಟ್ ತೆಗೆದು ಮೇಲಿನಿಂದಲೂ ಕೆಳಗಿನಿಂದಲೂ ತಿಳಿನೀರು ಬರುವವರೆಗೆ ಹೋಸಿನಲ್ಲಿ ನೀರು ಬಿಡಿಸಿ. ಮೇಲಿನ ಹೋಸ್ ಪೈಪಿನೊಳಗೆ ತೆಳುವಾದ ಬಟ್ಟೆಯ ಜರಡಿಯೊಂದನ್ನು ಕೂರಿಸಿ ಮೊದಲ ಕೆಲವು ದಿನ ಓಡಿಸಿದರೆ ಉಳಿದ ತುಕ್ಕಿನ ಚೂರುಗಳು ಕೋರಿಗೆ ಹೋಗುವ ಮೊದಲೇ ಸಿಕ್ಕಿಬೀಳುತ್ತವೆ; ಅದನ್ನು ಆಗಾಗ ತೆಗೆದು ತೊಳೆಯಲು ಮರೆಯಬಾರದು.

ಹಳೆಗಾಡಿ ಕುಶಾಲನಗರ:
ಆ ಟ್ಯಾಪು ಸುಲಭಕ್ಕೆ ತಿರುಗುವುದಿಲ್ಲ, ಬಲ ಹಾಕಿದರೆ ಹಿತ್ತಾಳೆ ಮುರಿದು ಅರ್ಧ ಒಳಗೇ ಉಳಿಯುತ್ತದೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ಎಂಜಿನ್ ಸ್ವಲ್ಪ ಬೆಚ್ಚಗಿರುವಾಗ ಹಿಂದಕ್ಕೂ ಮುಂದಕ್ಕೂ ಅಲ್ಪಸ್ವಲ್ಪ ತಿರುಗಿಸುತ್ತಾ ಬಿಚ್ಚಿಸಿ.